ಬಸ್‌ಸ್ಟ್ಯಾಂಡ್ ಬೆಂಚು: ಹರಿಯ ಹೊಟ್ಟೆಯಲ್ಲಿ ಗಣಪತಿಯ ತಲೆ!

"ಹರಿಯ ಹೊಟ್ಟೆಯಲ್ಲಿ ಗಣಪತಿಯ ತಲೆ, ಪಕ್ಕದಲ್ಲೇ ಬೊಮ್ಮ, ಹಳ್ಳಿಯೂ ಅವನದೇ. ಇಲ್ಲಿ ಬಸ್ ಬದಲಿಸಿ! (8)"

ಇದೇನು ಮಾರಾಯಾ, ಸಿನಿಮಾ ಪತ್ರಿಕೆಯಲ್ಲಿ ಪುರಾಣ ಶುರು ಹಚ್ಕೊಂಡ ಅಂತ ಹುಬ್ಬೇರಿಸಬೇಡಿ ಗೆಳೆಯರೇ. ನಿಮ್ಮ ಬಸ್ ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ. ಕಂಡಕ್ಟರ್ ಸಾಹೇಬರು ಟೀ ಕುಡಿಯುತ್ತಾ ನಿಂತಿದ್ದಾರೆ. ಅಷ್ಟರಲ್ಲಿ ಇದರ ಉತ್ತರ ಹೊಳೆದರೆ ನೀವು ಜಾಣರು. ಹೊಳೆಯದಿದ್ದರೆ ನೀವು ನಮ್ಮ ಗುಂಪಿನವರು, ಬನ್ನಿ, ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಕೊಡ್ತೀನಿ!

ಇದು ಪದಬಂಧದ ಸುಳಿವು. ಅದೂ ಸಾದಾ ಪದಬಂಧದ್ದಲ್ಲ, ಗೂಢ ಪದಬಂಧದ್ದು. ಸಾದಾ ಪದಬಂಧ ನಿಮಗೆ ಗೊತ್ತೇ ಇದೆ. 'ಆನೆ (2)' ಅಂತ ಕೊಟ್ಟಿರ್ತಾರೆ, 'ಕರಿ' ಅಂತ ತುಂಬಿ ಎದ್ದು ಹೋಗೋದು. ಗೂಢ ಪದಬಂಧ ಹಾಗಲ್ಲ. ಅದರ ಸುಳಿವು ತೆರೆಯ ಮೇಲಿನ ವಜ್ರಮುನಿ ಇದ್ದ ಹಾಗೆ. ಬಾಗಿಲಲ್ಲಿ ನಿಂತು ನಗುತ್ತಾ "ಬನ್ನಿ, ಬನ್ನಿ" ಅನ್ನುತ್ತೆ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಗೋದು ಕಥೆ ಬೇರೆ ಅಂತ!

ಒಂದು ಸಣ್ಣ ಸ್ಯಾಂಪಲ್ ನೋಡಿ. "ಸರ ಹಿಂದಿರುಗಿತು, ಹಣ್ಣು ಹಿಂಡಿದಾಗ (2)". ನೀವು ಸರ ಅಂದ ಕೂಡಲೇ ಹುಡುಗಿಯ ಕೊರಳು ನೋಡ್ತೀರಿ. ಅಲ್ಲೇ ಮೋಸ ಹೋದಿರಿ! 'ಸರ' ಎಂಬ ಪದವನ್ನೇ ಹಿಂದಿನಿಂದ ಓದಿ. 'ರಸ' ಆಯಿತು. ಹಣ್ಣು ಹಿಂಡಿದರೆ ಬರೋದು ಅದೇ ತಾನೇ? ಪಕ್ಕದ (2) ಅಂದರೆ ಎರಡು ಅಕ್ಷರ, ಎರಡು ಮನೆ. ಸುಳಿವಿನೊಳಗೇ ಉತ್ತರ ಇರುತ್ತೆ, ಆದರೆ ವೇಷ ಹಾಕ್ಕೊಂಡು ಇರುತ್ತೆ. ಅದಕ್ಕೇ ಅದು ಗೂಢ.

ಈ ಚೌಕದ ಹುಚ್ಚು ಶುರುವಾದದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಪದಬಂಧ ಮಾಡಿದ. ಅದನ್ನು ತಿರುಚಿ, ಸುತ್ತಿ, ಓದುಗರ ತಲೆ ತಿನ್ನುವ ಗೂಢ ಪದಬಂಧ ಮಾಡಿದವರು ಇಂಗ್ಲೆಂಡಿನವರು. 1926ರಿಂದ 'ಅಬ್ಸರ್ವರ್' ಪತ್ರಿಕೆಗೆ ಒಬ್ಬ ಮಹಾನುಭಾವ ಇಂಥವನ್ನು ಮಾಡುತ್ತಿದ್ದ. ಆತ ಇಟ್ಟುಕೊಂಡಿದ್ದ ಗುಪ್ತನಾಮ 'ಟಾರ್ಕೆಮಾಡ'. ಅದು ಹಿಂದೆ ಸ್ಪೇನ್ ದೇಶದಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸುತ್ತಿದ್ದ ಪಾದ್ರಿಯೊಬ್ಬನ ಹೆಸರು! ಹೆಸರಿಗೆ ತಕ್ಕ ಕೆಲಸ.

ಕನ್ನಡದಲ್ಲಿ ಪದಬಂಧ ಅಂದರೆ ಮೊದಲು ನೆನಪಾಗೋ ಹೆಸರು ಕೋಲಾರ ಸೀಮೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್. 35 ಸಾವಿರಕ್ಕೂ ಮೀರಿ ಪದಬಂಧ ಹೆಣೆದವರು. ಅಣ್ಣಾವ್ರ ಅಭಿಮಾನಿಗಳಿಗೆ ಅವರ ಇನ್ನೊಂದು ಕೆಲಸ ಗೊತ್ತಿರಬೇಕು. ಡಾ. ರಾಜ್‌ಕುಮಾರ್ ಜೀವನ ಚರಿತ್ರೆ 'ಬಂಗಾರದ ಮನುಷ್ಯ' ಬರೆದವರೂ ಅವರೇ. ಸಿನಿಮಾಕ್ಕೂ ಪದಬಂಧಕ್ಕೂ ನಮ್ಮಲ್ಲಿ ಹಳೇ ನಂಟು, ಸುಮ್ಮನೆ ಹೇಳ್ತಿಲ್ಲ ನಾನು!

ಇನ್ನೊಂದು ಮಾತು. ಕನ್ನಡದ ಪದಬಂಧ ಇಂಗ್ಲಿಷಿನದಕ್ಕಿಂತ ಒಂದು ಕೈ ಮೇಲೆ. ಅವರದು 26 ಅಕ್ಷರ, ಮುಗೀತು. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. 34 ವ್ಯಂಜನಕ್ಕೆ ಕಾಗುಣಿತ ಹಾಕಿದರೇ ಐನೂರು ದಾಟುತ್ತೆ, ಇನ್ನು ಒತ್ತಕ್ಷರ ಎಣಿಸೋರು ಯಾರು? ಅಡ್ಡ ಸಾಲಿನಲ್ಲಿ 'ರ' ಬೇಕು, ಕೆಳಗಿನ ಸಾಲಿನಲ್ಲಿ 'ರು' ಬೇಕು ಅಂದರೆ ಅಲ್ಲಿಗೆ ನಿಮ್ಮ ಉತ್ತರ ಡಬ್ಬಾ! ಮತ್ತೆ ಮೊದಲಿನಿಂದ ತಲೆ ಕೆರೆದುಕೊಳ್ಳಿ.

ಇಂಥ ಚೌಕವನ್ನು ಒಬ್ಬನೇ ಕೂತು ಬಿಡಿಸೋನು ಪುಣ್ಯವಂತ. ನಮ್ಮದು ಐದು ಜನದ ಗುಂಪು. ನಮ್ಮ ನಿಜ ಹೆಸರು ನಮಗೇ ಮರೆತುಹೋಗಿದೆ. ಹಾಸ್ಟೆಲಿನಲ್ಲಿದ್ದಾಗಿಂದ ಊರ ಹೆಸರಿನಲ್ಲೇ ಕರೆದು ರೂಢಿ. ಕೂಡ್ಲಿಗಿ, ಕೊಟ್ಟೂರು, ಎಚ್.ಬಿ., ಹಡಗಲಿ, ಹರಪನಹಳ್ಳಿ. ಕೂಡ್ಲಿಗಿ ಅಂದರೆ ನಾನು. ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ಹೊರಗೆ ಬಂದೆ. ಕಾಲೇಜು ಬಿಟ್ಟಿತು, ಗುಂಪು ಬಿಡಲಿಲ್ಲ. ಹಡಗಲಿಯವನದು ಮಲ್ಲಿಗೆ ತೋಟ. ಎಚ್.ಬಿ. ಟ್ರ್ಯಾಕ್ಟರ್ ರಿಪೇರಿ ಮಾಡ್ತಾನೆ, ಕೈಯಲ್ಲಿ ಸದಾ ಗ್ರೀಸು. ಹರಪನಹಳ್ಳಿ ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳ್ತಾನೆ. ಅವನ ಊರು ಜಿಲ್ಲೆ ಬದಲಿಸಿದಷ್ಟು ಸಲ ನಾನು ಶರ್ಟು ಬದಲಿಸಿಲ್ಲ! 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರಿನವನು ದಾವಣಗೆರೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೀತಾನೆ. ಕೊಟ್ಟೂರಿನವನ ಕಥೆ ಆಮೇಲೆ.

ಮೊನ್ನೆ ಭಾನುವಾರ ನಾಲ್ಕು ಜನ ಬಸ್‌ಸ್ಟ್ಯಾಂಡಿನಲ್ಲಿ ಸೇರಿದ್ವಿ. ಯಾವ ಬಸ್‌ಸ್ಟ್ಯಾಂಡು ಅಂತ ಈಗಲೇ ಹೇಳಿದರೆ ಕಥೆ ಕೆಡುತ್ತೆ. ನಡುವೆ ಪೇಪರ್ ಹಾಸಿ ಮಂಡಕ್ಕಿ, ಅದರ ಮೇಲೆ ನಾಲ್ಕು ಮಿರ್ಚಿ, ಪಕ್ಕದಲ್ಲಿ ಒಂದು ವಾರಪತ್ರಿಕೆಯ ಬಹುಮಾನದ ಪದಬಂಧ. ಸರಿಯುತ್ತರಕ್ಕೆ ಸಾವಿರ ರೂಪಾಯಿ. ಕೂಪನ್ ಕಳಿಸೋಕೆ ಮರುದಿನವೇ ಕೊನೆ.

ಮೊದಲ ಬೇಟೆ ನನ್ನದು. ಸುಳಿವು ಹೀಗಿತ್ತು: "ಅರ್ಧ ನಾನು, ಗರ ಬಡಿದು ಬಂತು ಕಚ್ಚುವ ಪ್ರಾಣಿ, ದುರ್ಗದ ಕೋಟೆಯಲ್ಲಿ ಹೆಡೆ ಎತ್ತಿತು (5)".

ದುರ್ಗ ಅಂದ ಕೂಡಲೇ ನನಗೆ ರೋಮಾಂಚನ! 'ನಾನು' ಎಂಬುದರ ಅರ್ಧ 'ನಾ'. ಅದಕ್ಕೆ 'ಗರ' ಸೇರಿಸಿ. ಕಚ್ಚುವ ಪ್ರಾಣಿ 'ಹಾವು'. ನಾಗರಹಾವು! 1972ರ ಪುಟ್ಟಣ್ಣ ಕಣಗಾಲರ ಚಿತ್ರ, ತ.ರಾ.ಸು. ಕಥೆ, ಚಿತ್ರದುರ್ಗದ ಕೋಟೆ, ನಮ್ಮ ರಾಮಾಚಾರಿ ವಿಷ್ಣುವರ್ಧನ್. ಜಲೀಲನಾಗಿ ಅಂಬರೀಶ್ ಮೊದಲ ಸಲ ತೆರೆಗೆ ಬಂದದ್ದೂ ಅದರಲ್ಲೇ. ನಾನು ಹುಟ್ಟೋಕೆ ಮೊದಲೇ ಬಂದ ಚಿತ್ರ, ಆದರೂ ಎಷ್ಟು ಸಲ ನೋಡಿದ್ದೀನಿ ಲೆಕ್ಕ ಇಲ್ಲ. ಕನ್ನಡ ಎಂ.ಎ. ಹರಪನಹಳ್ಳಿ 'ಗರ' ಎಂದರೆ ಗ್ರಹವೇ, ಭೂತವೇ ಅಂತ ವ್ಯಾಕರಣದಲ್ಲಿ ಮುಳುಗಿದ್ದ. ನಾನು ಪೆನ್ನು ಕಿತ್ಕೊಂಡು ಐದು ಮನೆ ತುಂಬಿದೆ. ಮೀಸೆ ತಿರುವಿದೆ.

ಮುಂದಿನದರಲ್ಲಿ ನನ್ನ ಮೀಸೆ ಇಳೀತು. "ಗೌರವ ತುಸು ಕುಗ್ಗಿದರೂ ಬಿಲ್ಲೇರುತ್ತಾನೆ (3)". ನಾನು ಅರ್ಜುನ, ಏಕಲವ್ಯ ಅಂತ 'ಬಬ್ರುವಾಹನ'ದ ತನಕ ಹೋಗಿ ಬಂದೆ. ಹಡಗಲಿಯವನು ಮಿರ್ಚಿ ಕಚ್ಚುತ್ತಾ, ತಲೆ ಎತ್ತದೇ ಹೇಳಿದ, "ಗೊರವ. ಬರ್ಕೊಳಲೇ."

"ಹೆಂಗ್ಲೇ?"

"ಗೌ ಕುಗ್ಗಿದ್ರೆ ಗೊ. ಗೌರವ ಹೋಗಿ ಗೊರವ. ಬಿಲ್ಲೇರೋನು ಗೊರವಯ್ಯ ಅಲ್ಲದೆ ನಿಮ್ಮಪ್ಪ ಏರ್ತಾನೇನು?"

ಹೌದಲ್ಲ! ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ನೋಡಿದವರಿಗೆ ಇದು ಅಂಗೈ ನೆಲ್ಲಿಕಾಯಿ. ಭರತ ಹುಣ್ಣಿಮೆ ಕಳೆದ ಮೇಲೆ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ನೆರೆದಿರ್ತಾರೆ. 'ಏಳುಕೋಟಿ'ಯ ಕೂಗು ಮುಗಿಲು ಮುಟ್ಟಿರುತ್ತೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತಾನೆ. ಅಷ್ಟೂ ಜನ ಗಪ್‌ಚಿಪ್! ಇರುವೆ ನಡೆದರೂ ಕೇಳಬೇಕು. ಆಗ ಒಂದೇ ಒಂದು ಮಾತು ನುಡೀತಾನೆ, ಕೊನೆಗೆ ಪರಾಕ್ ಅಂತಾನೆ, ಮೇಲಿನಿಂದ ಬೀಳ್ತಾನೆ. ಕೆಳಗಿದ್ದವರು ಹಿಡ್ಕೊಳ್ತಾರೆ. ಅದೇ ಕಾರ್ಣಿಕ.

ಯೋಚನೆ ಮಾಡಿ ಗೆಳೆಯರೇ, ಅದೂ ಒಂದು ಗೂಢ ಸುಳಿವೇ ಅಲ್ಲವೇ? ಒಂದು ಸಾಲು, ನೇರವಾಗಿ ಏನೂ ಹೇಳೋದಿಲ್ಲ. ಜಾತ್ರೆಯಿಂದ ವಾಪಸ್ ಹೋಗುವ ಎತ್ತಿನ ಗಾಡಿ, ಟ್ರ್ಯಾಕ್ಟರು, ಬಸ್ಸು ಎಲ್ಲ ಕಡೆ ಅದರದೇ ಚರ್ಚೆ. ರೈತ ಅದರಲ್ಲಿ ಮಳೆ ಬೆಳೆ ನೋಡ್ತಾನೆ. ರಾಜಕೀಯದವರು ಕುರ್ಚಿ ನೋಡ್ತಾರೆ. ಒಬ್ಬ ಅಜ್ಜ ಒಂದು ಅರ್ಥ ಹೇಳಿದರೆ ಇನ್ನೊಬ್ಬ ಅಜ್ಜ "ಅದಲ್ಲ ಕಣಪ್ಪಾ" ಅಂತ ಬೇರೆ ಅರ್ಥ ತೆಗೀತಾನೆ. ಯಾರೂ ಮನೆ ಬಾಗಿಲು ಹಾಕಿಕೊಂಡು ಒಬ್ಬರೇ ಕಾರ್ಣಿಕ ಬಿಡಿಸೋದಿಲ್ಲ. ನಾಲ್ಕು ಜನ ಕೂತು ಬಿಡಿಸೋದು. ನಮ್ಮ ಸೀಮೆಯ ಜನಕ್ಕೆ ಇದು ಹೊಸದಲ್ಲ, ಪದಬಂಧದ ಚೌಕ ಹೊಸದು ಅಷ್ಟೇ.

ಮೂರನೇ ಸುಳಿವು ಹರಪನಹಳ್ಳಿ ಜೋರಾಗಿ ಓದಿದ. "ದಾನ ಮಾಡಿದ ಗ್ರಾಮದಲ್ಲಿ ತೇರು ನಿಂತಿದೆ (3)".

ಓದಿದವನೇ ಸುಮ್ಮನಾದ. ನಾವೂ ಸುಮ್ಮನಾದ್ವಿ. ಎಚ್.ಬಿ. ಮಂಡಕ್ಕಿಯಲ್ಲಿ ಕಡಲೆ ಬೀಜ ಹುಡುಕೋಕೆ ಶುರು ಮಾಡಿದ. ಉತ್ತರ ನಾಲ್ಕೂ ಜನಕ್ಕೆ ಗೊತ್ತು. ದಾನವಾಗಿ 'ಕೊಟ್ಟ', ಗ್ರಾಮ ಅಂದರೆ 'ಊರು'. ಎರಡೂ ಸೇರಿದರೆ ಲೋಪಸಂಧಿ. ತೇರು ಗುರು ಕೊಟ್ಟೂರೇಶ್ವರನದು. ಆದರೆ ಆ ಹೆಸರನ್ನು ಬಾಯಿಬಿಟ್ಟು ಹೇಳುವವರಿಲ್ಲ. ಹರಪನಹಳ್ಳಿ ಸದ್ದಿಲ್ಲದೆ ಮೂರು ಮನೆ ತುಂಬಿದ. ಕೊಟ್ಟೂರು.

ಆ ಕಥೆ ಈಗ ಹೇಳಲೇಬೇಕು. ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಬಹುಮಾನದ ಪದಬಂಧ ಐದೂ ಜನ ಸೇರಿ ಬಿಡಿಸಿದ್ವಿ. ಒಂದು ಸುಳಿವು ಮಾತ್ರ ಮೂರು ದಿನ ಕಾಡಿತ್ತು. "ದೇವರು ತಿರುಗಿ ನೋಡಿದ, ನೀವು ತಿರುಗಿಸಿ ಓದಿದರೂ ಅವನೇ! (3)". ನಾವು ಸೋತು ಕೈಚೆಲ್ಲಿದಾಗ ರಾತ್ರಿ ಹನ್ನೊಂದಕ್ಕೆ ಕೊಟ್ಟೂರಿನವನ ಫೋನು. "ಕನಕ ಕಣ್ರಲೇ! ಉಡುಪಿ ಕೃಷ್ಣ ತಿರುಗಿ ನೋಡ್ಲಿಲ್ವಾ? ಹಿಂದಿನಿಂದ ಓದ್ರಿ, ಕನಕನೇ ಬರ್ತಾನೆ!" ಅವರ ಅಜ್ಜ 1960ರ 'ಭಕ್ತ ಕನಕದಾಸ' ಚಿತ್ರದ ಕಥೆಯನ್ನು ಅವನಿಗೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದರಂತೆ. ಅಜ್ಜನಿಂದ ಮೊಮ್ಮಗನಿಗೆ ಬಂದ ರಾಜ್‌ಕುಮಾರ್ ನಮ್ಮನ್ನು ಗೆಲ್ಲಿಸಿದರು.

ಕೂಪನ್ ಅಂಚೆಗೆ ಹಾಕುವ ಕೆಲಸ ನನ್ನದು. ಅದರಲ್ಲಿ ಹೆಸರು ಬರೆಯೋಕೆ ಒಂದೇ ಗೆರೆ. ನಾನು ನನ್ನ ಹೆಸರು ಬರೆದೆ. ಗೆದ್ದೆವು. ಬಹುಮಾನದ ದುಡ್ಡು ಐದೂ ಜನ ಹೋಟೆಲಿನಲ್ಲಿ ಕೂತು ತಿಂದೇ ಮುಗಿಸಿದ್ವಿ, ಜಗಳ ದುಡ್ಡಿನದಲ್ಲ. ಪತ್ರಿಕೆಯಲ್ಲಿ ನನ್ನೊಬ್ಬನ ಹೆಸರು ಅಚ್ಚಾಯಿತು. ಅಲ್ಲಿಗೆ ಮುಗಿದಿದ್ದರೂ ಯಾರೂ ಏನೂ ಅಂತಿರಲಿಲ್ಲ. ನಾನು ಸುಮ್ಮನಿರಲಿಲ್ಲ. ಇದೇ ಬೆಂಚಿನ ಮೇಲೆ ಕೂತು, ಇದೇ ಅಂಕಣದಲ್ಲಿ ಬರೆದೆ. 'ಕನಕ' ಎಂಬ ಉತ್ತರ ನನಗೆ ಮಧ್ಯರಾತ್ರಿ ಹೊಳೆಯಿತು ಅಂತ. ನಿಮ್ಮಲ್ಲಿ ಕೆಲವರು ಮೆಚ್ಚಿ ಕಾಗದವನ್ನೂ ಬರೆದಿರಿ.

ಯಾಕೆ ಹಾಗೆ ಮಾಡಿದೆ? ಪಿಯುಸಿ ಮುಗಿಸದವನು ಅಂತ ಮನೆಯಲ್ಲಿ, ಮದುವೆ ಮನೆಯಲ್ಲಿ, ಕಟಿಂಗ್ ಶಾಪಿನಲ್ಲಿ ಅನ್ನಿಸಿಕೊಂಡು ಅನ್ನಿಸಿಕೊಂಡು, ನಾನೂ ಬುದ್ಧಿವಂತ ಅಂತ ಒಂದು ಸಲ ಅಚ್ಚಿನಲ್ಲಿ ನೋಡಬೇಕು ಅನ್ನಿಸಿತ್ತು. ಅದು ಕಾರಣ, ಸಮರ್ಥನೆ ಅಲ್ಲ. ಆ ವಾರದ ಪತ್ರಿಕೆಯನ್ನು ಕೊಟ್ಟೂರಿನವನು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಓದಿದ. ಒಂದೇ ಒಂದು ಮಾತು ಕೇಳಿದ, "ನಮ್ಮಜ್ಜನ ಕಥೆನೂ ನಿಂದೇ ಏನಲೇ?" ಆಮೇಲೆ ಫೋನು ಎತ್ತಲಿಲ್ಲ. ನಾನೂ ಕೆಲವು ಸಲ ಮಾಡಿ ಬಿಟ್ಟೆ.

ಇರಲಿ. ಮತ್ತೆ ಆ ಭಾನುವಾರಕ್ಕೆ ಬರೋಣ. ಸಂಜೆ ಐದರ ಹೊತ್ತಿಗೆ ಎಲ್ಲ ಮನೆ ತುಂಬಿ, ಉಳಿದದ್ದು ಒಂದೇ ಉದ್ದನೆಯ ಸಾಲು, ಎಂಟು ಮನೆ. ಮೊದಲಿಗೇ ಹೇಳಿದೆನಲ್ಲ, ಅದು. "ಹರಿಯ ಹೊಟ್ಟೆಯಲ್ಲಿ ಗಣಪತಿಯ ತಲೆ, ಪಕ್ಕದಲ್ಲೇ ಬೊಮ್ಮ, ಹಳ್ಳಿಯೂ ಅವನದೇ. ಇಲ್ಲಿ ಬಸ್ ಬದಲಿಸಿ!"

ನಾಗರಹಾವಿನ ಕೃಪೆಯಿಂದ ಎರಡನೇ ಮನೆಯಲ್ಲಿ 'ಗ' ಬಂದಿತ್ತು. ಹರಪನಹಳ್ಳಿ ಅಷ್ಟನ್ನು ಬಿಡಿಸಿದ, "ಗಣಪತಿಯ ತಲೆ ಅಂದರೆ ಗಣಪತಿ ಪದದ ಮೊದಲ ಅಕ್ಷರ. ಗ. ಸರಿ ಇದೆ." ಮುಂದಕ್ಕೆ ಎತ್ತು ಏರಿ ಹತ್ತಲಿಲ್ಲ. ಹರಿ ಅಂದರೆ ಕೇಶವ, ಮಾಧವ, ಮುಕುಂದ... ಯಾರ ಹೊಟ್ಟೆಯಲ್ಲೂ 'ಗ' ಕೂರಲಿಲ್ಲ. ಬೊಮ್ಮ ಅಂದರೆ ಬ್ರಹ್ಮ, ಹರಿಯ ಹೊಕ್ಕುಳಿಂದ ಹುಟ್ಟಿದವನು ಅಂತ ಪುರಾಣ ನಡೆಯಿತು. ನಾನು ಎನ್.ಟಿ.ಆರ್. ಪೌರಾಣಿಕ ಚಿತ್ರಗಳನ್ನೆಲ್ಲ ಎಣಿಸಿದೆ. ಎಚ್.ಬಿ. ಸಿಟ್ಟಿನಲ್ಲಿ, "ಬಸ್ ಬದಲಿಸೋದಂದ್ರೆ ಏನಲೇ, ಡ್ರೈವರ್ ಕೇಳಿ ಬರ್ಲಾ?" ಅಂದ. ನಗಬೇಡಿ. ಅವನೊಬ್ಬನೇ ಸರಿಯಾದ ದಾರಿಯಲ್ಲಿದ್ದ!

ಅಂಥ ಹೊತ್ತಿನಲ್ಲಿ ನಾನು ಗುಂಪಿಗೆ 'ದಿ ಇಮಿಟೇಷನ್ ಗೇಮ್' ಕಥೆ ಹೇಳಿದೆ. 2014ರ ಇಂಗ್ಲಿಷ್ ಚಿತ್ರ. ಹಿಟ್ಲರನ ಸೈನ್ಯದ ಗುಪ್ತಲಿಪಿ ಒಡೆದ ಅಲನ್ ಟ್ಯೂರಿಂಗ್ ಕಥೆ. ಅದರಲ್ಲಿ ಪದಬಂಧ ಬಿಡಿಸುವವರನ್ನು ಹುಡುಕಿ ಕೆಲಸಕ್ಕೆ ಸೇರಿಸಿಕೊಳ್ಳುವ ಸೀನು ಇದೆ. ಸಿನಿಮಾದವರು ಮಸಾಲೆ ಹಾಕಿದ್ದಾರೆ ನಿಜ, ಆದರೆ ಬೇರು ಸುಳ್ಳಲ್ಲ. 1942ರ ಜನವರಿಯಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆ 12 ನಿಮಿಷದೊಳಗೆ ಪದಬಂಧ ಬಿಡಿಸುವ ಪಂದ್ಯ ಇಟ್ಟಿತು. ಅದರಲ್ಲಿ ಭಾಗವಹಿಸಿದ ಕೆಲವರಿಗೆ ಆಮೇಲೆ ಯುದ್ಧದ ಇಲಾಖೆಯಿಂದ ಗುಟ್ಟಾಗಿ ಕಾಗದ ಬಂತು. ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಗುಪ್ತಲಿಪಿ ಒಡೆಯುವ ಕೆಲಸ.

ಹರಪನಹಳ್ಳಿ ಕೇಳಿದ, "ಒಬ್ಬನೇ ಒಡೆದನಾ?"

"ಎಲ್ಲೀದು! ಹೀರೋ ಒಬ್ಬ ಬೇಕಲ್ಲ ಅಂತ ಸಿನಿಮಾದಲ್ಲಿ ಹಾಗೆ. 1945ರ ಆರಂಭಕ್ಕೆ ಅಲ್ಲಿ ಮತ್ತು ಅದರ ಶಾಖೆಗಳಲ್ಲಿ ಸುಮಾರು 9 ಸಾವಿರ ಜನ ಇದ್ರು. ಹೆಚ್ಚಿನವರು ಹೆಂಗಸರು. ಯುದ್ಧ ಮುಗಿದು ಎಷ್ಟೋ ವರ್ಷ ಯಾರೂ ಬಾಯಿಬಿಡಂಗಿರಲಿಲ್ಲ."

ಹಡಗಲಿಯವನು ನನ್ನ ಮುಖವನ್ನೇ ನೋಡ್ತಾ ಹೇಳಿದ, "9 ಸಾವಿರ ಜನ ಹೆಸರು ಬ್ಯಾಡ ಅಂತ ಸುಮ್ಮನಿದ್ರು. ನೀನೊಬ್ಬ ಸುಮ್ಮನಿರಲಿಲ್ಲ ನೋಡು."

ಮಿರ್ಚಿ ಖಾರವಾಗಿತ್ತೋ, ಮಾತು ಖಾರವಾಗಿತ್ತೋ! ಕಣ್ಣಲ್ಲಿ ನೀರು ಬಂತು.

ಹರಪನಹಳ್ಳಿ ನಡುವೆ ಬಂದು ಸಮಾಧಾನದ ಮಾತಾಡಿದ. ಅವನು 'ಸಿರಿಭೂವಲಯ'ದ ಹೆಸರು ತೆಗೆದ. ಕುಮುದೇಂದು ಮುನಿಯ ಗ್ರಂಥ. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಅಂಕಿ. ಉದ್ದ 27 ಮನೆ, ಅಗಲ 27 ಮನೆ, ಒಟ್ಟು 729 ಮನೆಯ ಚೌಕ. ಮನೆಗೊಂದರಂತೆ 1ರಿಂದ 64ರವರೆಗಿನ ಅಂಕಿ. ಒಂದೊಂದು ಅಂಕಿ ಒಂದೊಂದು ಅಕ್ಷರ. ಸರಿಯಾದ ದಾರಿ ಹಿಡಿದು ಮನೆಯಿಂದ ಮನೆಗೆ ನಡೆದರೆ ಕನ್ನಡ ಪದ್ಯ ಹೊರಗೆ ಬರುತ್ತೆ! ಕನ್ನಡದ ಪದಬಂಧಗಳಿಗೆಲ್ಲ ತಾತ ಅನ್ನಿ. ಅದು ಯಾವ ಕಾಲದ್ದು ಅಂತ ಪಂಡಿತರು ಇನ್ನೂ ಜಗಳಾಡ್ತಾರೆ, ಅದು ಬೇರೆ ಮಾತು. ಯಲ್ಲಪ್ಪ ಶಾಸ್ತ್ರಿಗಳ ಹತ್ತಿರ ಪ್ರತಿ ಇತ್ತು. ಕರ್ಲಮಂಗಲಂ ಶ್ರೀಕಂಠಯ್ಯನವರು ಅದರ ಬೀಗ ತೆಗೆಯುವುದಕ್ಕೆ ಜೀವ ತೇದರು. ಕನ್ನಡ ಬೆರಳಚ್ಚು ಯಂತ್ರದ ಅನಂತ ಸುಬ್ಬರಾಯರು ಜೊತೆಗೂಡಿದರು. 1953ರಲ್ಲಿ ಅಚ್ಚಾಯಿತು.

"ಆ ಪುಸ್ತಕದ ಮಾತು ಬಂದಾಗೆಲ್ಲ ಮೂವರ ಹೆಸರೂ ಬರ್ತದೆ" ಅಂದ ಹರಪನಹಳ್ಳಿ. "ಒಬ್ಬನ ಹತ್ರ ಪುಸ್ತಕ, ಒಬ್ಬನ ಹತ್ರ ಹಟ, ಒಬ್ಬನ ಹತ್ರ ಯಂತ್ರದ ತಲೆ. ಯಾರನ್ನ ಬಿಟ್ಟರೂ ಆಗ್ತಿರಲಿಲ್ಲ."

ಎಚ್.ಬಿ. ಗ್ರೀಸಿನ ಕೈಯಲ್ಲೇ ತನ್ನ ಫೋನು ನನ್ನ ಮುಂದೆ ಇಟ್ಟ. "ಮಾಡು."

"ಯಾರಿಗೆ?"

"ಯಾರಿಗೆ ಅಂತ ನಿಂಗೊತ್ತು."

ಮಾಡಿದೆ. ರಿಂಗ್ ಆಗ್ತಾ ಇತ್ತು. ಎಚ್.ಬಿ. ನಂಬರು ಅಂತ ಎತ್ತಿದ. "ಹೇಳಲೇ ಎಚ್.ಬಿ."

ಏನು ಹೇಳಲಿ? ಕ್ಷಮಿಸು ಅಂತ ಶುರು ಮಾಡಬೇಕಿತ್ತು. ಬಾಯಿಗೆ ಬಂದದ್ದು ಸುಳಿವು. "ಹರಿಯ ಹೊಟ್ಟೆಯಲ್ಲಿ ಗಣಪತಿಯ ತಲೆ..." ಅಂತ ಕೊನೇವರೆಗೂ ಓದಿದೆ. ಎಂಟು ಅಕ್ಷರ, ಎರಡನೇದು 'ಗ' ಅಂತಲೂ ಹೇಳಿದೆ.

ಆ ಕಡೆ ಸದ್ದಿಲ್ಲ. ಗೊರವಯ್ಯ "ಸದ್ದಲೇ" ಅಂದಂಗಾಯಿತು. ನಾಲ್ಕೂ ಜನ ಉಸಿರು ಬಿಗಿ ಹಿಡಿದಿದ್ವಿ. ಫೋನ್ ಇಟ್ಟನೇನೋ ಅಂದ್ಕೊಂಡೆ.

"ಎಲ್ಲಿ ಕುಂತೀರಿ ನೀವು?"

"ಬಸ್‌ಸ್ಟ್ಯಾಂಡ್ನಾಗೆ."

"ಯಾವ ಬಸ್‌ಸ್ಟ್ಯಾಂಡು?"

"ಎಚ್.ಬಿ. ಹಳ್ಳಿ."

"ಪೂರ್ತಿ ಹೆಸರು ಹೇಳಲೇ, ದಡ್ಡ ಮುಂಡೇದೇ!"

"ಹಗರಿ..." ಅಂದೆ. ಅಷ್ಟಕ್ಕೇ ನಿಂತೆ. ತಲೆ ಎತ್ತಿದೆ. ನಮ್ಮ ನೆತ್ತಿಯ ಮೇಲೇ, ನಿಲ್ದಾಣದ ಬೋರ್ಡಿನಲ್ಲಿ, ಮೊಳದುದ್ದದ ಅಕ್ಷರದಲ್ಲಿ ಬರೆದಿತ್ತು.

'ಹರಿ' ಎಂಬ ಪದದ ಹೊಟ್ಟೆಯಲ್ಲಿ 'ಗ' ಇಡಿ. ಹಗರಿ! ಪಕ್ಕದಲ್ಲೇ ಬೊಮ್ಮ. ಬೊಮ್ಮನದೇ ಹಳ್ಳಿ. ಹಗರಿಬೊಮ್ಮನಹಳ್ಳಿ. ಬೆರಳು ಮಡಿಚಿ ಎಣಿಸಿ: ಹ, ಗ, ರಿ, ಬೊ, ಮ್ಮ, ನ, ಹ, ಳ್ಳಿ. ಎಂಟಕ್ಕೆ ಎಂಟು! ನಮ್ಮ ಐದೂ ಊರಿನವರು ಬಸ್ ಬದಲಿಸುವ ಜಾಗ. ಮೂರು ಗಂಟೆ ಕಾಲ ಉತ್ತರದ ಕೆಳಗೇ ಕೂತು ಉತ್ತರ ಹುಡುಕ್ತಿದ್ವಿ!

ಎಲ್ಲರಿಗಿಂತ ಜಾಸ್ತಿ ನಾಚಿಕೊಂಡವನು ಎಚ್.ಬಿ. ಹುಟ್ಟಿ ಬೆಳೆದ ಊರು! ಆದರೆ ಅವನ ತಪ್ಪಲ್ಲ. ನಾವೆಲ್ಲ ಎಚ್.ಬಿ. ಹಳ್ಳಿ, ಎಚ್.ಬಿ. ಹಳ್ಳಿ ಅಂತ ಇಂಗ್ಲಿಷಿನ ಎರಡು ಅಕ್ಷರದೊಳಗೆ ಹರಿ, ಗಣಪತಿ, ಬೊಮ್ಮ ಮೂವರನ್ನೂ ಹೂತು ಕೂತಿದ್ವಿ. ದಿನಾ ಬಾಯಲ್ಲಿರೋದು ಕಣ್ಣಿಗೆ ಕಾಣಲ್ಲ. ದೂರದಲ್ಲಿ ಕೂತವನಿಗೆ ಕಂಡಿತು. ಗೆಳೆಯ ಅಂತ ಒಬ್ಬ ಇರಬೇಕಾದದ್ದು ಇದಕ್ಕೇ ಅಲ್ಲವೇ? ನಮ್ಮ ನೆತ್ತಿ ಮೇಲಿನ ಬೋರ್ಡು ಓದಿ ಹೇಳೋಕೆ!

ಫೋನಿನಲ್ಲಿ ಕೊಟ್ಟೂರಿನವನು ಬಿದ್ದು ಬಿದ್ದು ನಗ್ತಿದ್ದ. ಎರಡು ವರ್ಷದ ಮೇಲೆ ಆ ನಗು ಕೇಳಿದೆ. ನಗು ನಿಂತ ಮೇಲೆ ಕೇಳಿದ, "ಈ ಸಲ ಯಾರ ಹೆಸರಲ್ಲಿ ಕಳಿಸ್ತೀ?"

"ನಿನ್ನ ಹೆಸರಲ್ಲಿ."

"ಬ್ಯಾಡ."

"ಮತ್ತೆ?"

"ಐದೂ ಊರಿನ ಹೆಸರು ಬರಿ. ಒಂದೇ ಗೆರೆ ಐತೆ ಅಂತ ನೆವ ಹೇಳಬ್ಯಾಡ. ಸಣ್ಣಕ್ಷರದಾಗೆ ಬರಿ."

ಆಮೇಲೆ ಒಂದು ಕ್ಷಣ ಬಿಟ್ಟು, "ಇನ್ನೊಂದು ಕೆಲಸ ಐತೆ. ಅದನ್ನ ನಾನು ಹೇಳಲ್ಲ" ಅಂದು ಫೋನ್ ಇಟ್ಟ.

ಗೂಢ ಸುಳಿವು! ಆದರೆ ಇದನ್ನು ಬಿಡಿಸೋಕೆ ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಆ ಕೆಲಸ ಈಗ ಮಾಡ್ತಿದ್ದೀನಿ. ಓದುಗ ಮಿತ್ರರೇ, ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ 'ಕನಕ' ಎಂಬ ಉತ್ತರ ನನಗೆ ಹೊಳೆಯಿತು ಅಂತ ಬರೆದಿದ್ದೆ. ಅದು ಸುಳ್ಳು. ಆ ಉತ್ತರ ಕೊಟ್ಟೂರಿನವನದು, ಅದರ ಹಿಂದಿನ ಕಥೆ ಅವರ ಅಜ್ಜನದು. ಮೆಚ್ಚಿ ಕಾಗದ ಬರೆದವರು ಆ ಮೆಚ್ಚುಗೆಯನ್ನು ಅವರಿಬ್ಬರ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಿ.

ಕೂಪನ್ ಸೋಮವಾರ ಬೆಳಿಗ್ಗೆಯೇ ಕಳಿಸಿದೆ. ಒಂದು ಗೆರೆಯಲ್ಲಿ ಐದು ಊರು ಇರುವೆ ಸಾಲಿನಂತೆ ಬರೆದಿದ್ದೀನಿ. ಒಬ್ಬರ ಹೆಸರೇ ಇರಬೇಕು ಅಂತ ನಿಯಮ ಇರೋದರಿಂದ ಕಸದ ಬುಟ್ಟಿಗೆ ಹೋದರೂ ಹೋಗಬಹುದು. ಹೋಗಲಿ ಬಿಡಿ. ಸಾವಿರ ರೂಪಾಯಿ ಹೋದರೆ ಹೋಯಿತು. ಮುಂದಿನ ಭಾನುವಾರ ಬೆಂಚಿನ ಮೇಲೆ ಐದು ಜನ ಕೂರ್ತೀವಿ, ಮಿರ್ಚಿಯೂ ಐದು ಹೇಳಿದ್ದೀನಿ.

ನಿಮ್ಮ ಗುಂಪಿನಲ್ಲೂ ಇಂಥ ಒಂದು ಮನೆ ಖಾಲಿ ಇದ್ದರೆ, ಕ್ಷಮೆಯ ಮಾತು ಬಾಯಿಗೆ ಬರದಿದ್ದರೆ, ಒಂದು ಸುಳಿವು ಕೇಳಿ ಫೋನು ಮಾಡಿ ನೋಡಿ. ಗೊತ್ತಿಲ್ಲ ಅಂತ ಕೇಳೋದು ಅವಮಾನ ಅಲ್ಲ.

ಸುಳಿವು ಬೇಕಾ? ಇಗೋ, ನಾನೇ ಹೆಣೆದದ್ದು. ಉತ್ತರ ಮುಂದಿನ ವಾರ, ಇದೇ ಬೆಂಚಿನ ಮೇಲೆ:

"ಮುಂದಿನಿಂದ ಬಂದರೂ, ಹಿಂದಿನಿಂದ ಬಂದರೂ ಬಾಳು ಹೊಸದೇ (5)".

ಓಹ್, ನಿಮ್ಮ ಕಂಡಕ್ಟರ್ ಸೀಟಿ ಊದಿದರು. ಹತ್ತಿ, ಹತ್ತಿ!